ಎಳೆ ಇಲ್ಲದ ಗಂಟು

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ಬಾಯಾರ ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೋಕ್ಕೆ ಸೇವಂತಿಗೆ ಹಾರ, ಎರಡು ಊದಿನಕಡ್ಡಿ, ಎದುರಿಗೆ ಒಂದಿಷ್ಟು ಖಾಲಿ ಕುರ್ಚಿ. ನಿವೃತ್ತ ಪ್ರಿನ್ಸಿಪಾಲರು ಎದ್ದು ನಿಂತು, ಬಾಯಾರು ಕ್ಷಮೆಯ ಮೂರ್ತಿಯಾಗಿದ್ದರು, ಯಾರ ಮೇಲೂ ಹಗೆ ಇಟ್ಟುಕೊಂಡವರಲ್ಲ, ತಮಗೆ ಅನ್ಯಾಯ ಮಾಡಿದವರನ್ನೂ ತಾಯಿಯಂತೆ ಮನ್ನಿಸಿದರು ಎಂದು ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು, ಸರಿ. ಸುಳ್ಳು ಯಾಕೆ ಆಡಬೇಕು? ಬಾಯಾರು ಯಾರನ್ನೂ ಮನ್ನಿಸಿದವರಲ್ಲ. ಅದು ಅವರ ದೊಡ್ಡ ಗುಣವಾಗಿತ್ತು. ಸತ್ತ ಮೇಲೆ ಅದನ್ನೂ ಅವರಿಂದ ಕಿತ್ತುಕೊಂಡರಲ್ಲ ಎಂಬ ಸಿಟ್ಟಿಗೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬಾಗಲಕೋಟೆಯ ದೊಡ್ಡ ಕಾಲೇಜಲ್ಲ, ಸ್ಟೇಶನ್ನಿನ ಕಡೆಗಿದ್ದ ಸಣ್ಣದು. ಬಾಯಾರು ಇತಿಹಾಸ ಕಲಿಸುತ್ತಿದ್ದರು, ನಾನು ಸಸ್ಯಶಾಸ್ತ್ರ. ಹುಡುಗರು, ಸಿಪಾಯಿಗಳು, ನಾವು, ಎಲ್ಲರೂ ಅವರನ್ನು, ನಮ್ಮ ಕಡೆ ಕಲಿಸುವ ಹೆಂಗಸರನ್ನು ಕರೆಯುವ ಹಾಗೆ, ಬಾಯಾರು ಎಂದೇ ಕರೆಯುತ್ತಿದ್ದೆವು. ಹೆಸರು ನಾನಿಲ್ಲಿ ಹಾಕುವುದಿಲ್ಲ. ಬೇಕಾದವರು ನಮ್ಮ ಪತ್ರಿಕೆಯ ಹಳೆಯ ಸಂಚಿಕೆ ತೆಗೆದು ನೋಡಲಿ; ಹುಡುಕುವ ಕಷ್ಟ ಪಡದವರಿಗೆ ಏನನ್ನೂ ಕೊಡಬಾರದು ಎನ್ನುತ್ತಿದ್ದವರು ಅವರೇ. ಇಳಕಲ್ಲಿನ ನೇಕಾರರ ಮನೆಯ ಮಗಳು. ಮದುವೆಯಾಗಲಿಲ್ಲ. ಉಟ್ಟರೆ ಇಳಕಲ್ ಸೀರೆ, ಅದೂ ಅಣ್ಣನ ಮಗ್ಗದ್ದು. ಗಿಡ್ಡ ಆಳು, ಜೋರು ನಡಿಗೆ, ಸೆರಗನ್ನು ಸೊಂಟಕ್ಕೆ ಬಿಗಿದು ಬಂದರೆಂದರೆ ಸ್ಟಾಫ್ ರೂಮಿನಲ್ಲಿ ಯಾರಿಗೋ ಗ್ರಹಚಾರ ಕಾದಿದೆ ಎಂದು ತಿಳಿಯುತ್ತಿದ್ದೆವು.

ಅವರ ಬಾಯಲ್ಲಿ ಸದಾ ಇದ್ದ ಮಾತು ಒಂದೇ: "ಎಲ್ಲಿಂದ ಬಂತಿದು?" ವಿದ್ಯಾರ್ಥಿ ಬಾದಾಮಿಯ ಗುಹೆಯ ಬಗ್ಗೆ ಏನಾದರೂ ಹೇಳಿದರೆ ಈ ಪ್ರಶ್ನೆ. ಸ್ಟಾಫ್ ರೂಮಿನಲ್ಲಿ ಯಾರೋ ಯಾರದೋ ಮಗಳ ಸುದ್ದಿ ತೆಗೆದರೂ ಇದೇ ಪ್ರಶ್ನೆ. ನಿಮಗೆ ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಎಂದು ಹಿಂದೆ ಹಿಂದೆ ಹೋಗುತ್ತಿದ್ದರು. ಒಂದೆರಡು ಮನೆ ದಾಟುವಷ್ಟರಲ್ಲಿ ಸುದ್ದಿ ತಂದವರು ಚಹಾ ಅರ್ಧಕ್ಕೆ ಬಿಟ್ಟು, ಪಿರಿಯಡ್ ಇದೆಯೆಂದು ಎದ್ದುಹೋಗುತ್ತಿದ್ದರು. ಒಮ್ಮೆ ಒಂದು ಬೀಳ್ಕೊಡುಗೆಯಲ್ಲಿ ಮುಖ್ಯ ಅತಿಥಿಗಳು ಯಾರೋ ಮಹಾತ್ಮರ ಮಾತೆಂದು ಏನನ್ನೋ ಹೇಳಿದಾಗ ಮುಂದಿನ ಸಾಲಿನಿಂದ ಈ ಪ್ರಶ್ನೆ ಬಂತು. ಅತಿಥಿಗಳು ನೀರು ಕೇಳಿ ಕುಡಿದರು. ಆಮೇಲಿನ ಸಮಾರಂಭಗಳಲ್ಲಿ ಬಾಯಾರಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕತೊಡಗಿದರು. ಅಲ್ಲಿಂದಲೂ ಅವರ ದನಿ ವೇದಿಕೆಗೆ ಮುಟ್ಟುತ್ತಿತ್ತು.

ಮನ್ನಿಸದಿರುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ ಅರ್ಥಶಾಸ್ತ್ರದ ಒಬ್ಬರಿದ್ದರು. ಹೆಣ್ಣುಮಕ್ಕಳು ಗುಡ್ಡ ಹತ್ತಿ ಶಾಸನ ಓದುವುದು ನೋಡಲಿಕ್ಕೆ ಚೆಂದ ಕಾಣುವುದಿಲ್ಲ ಎಂದು ಅವರು ಯಾವಾಗಲೋ ಅಂದಿದ್ದರು. ಅಂದಿನಿಂದ ಅವರು ಚಹಾಕ್ಕೆ ಬಂದರೆ ಬಾಯಾರು ತಮ್ಮ ಬಟ್ಟಲು ಹಿಡಿದು ವರಾಂಡಕ್ಕೆ ಹೋಗುತ್ತಿದ್ದರು. ವರ್ಷಗಟ್ಟಲೆ, ಮಳೆಯಿರಲಿ ಬಿಸಿಲಿರಲಿ. ಮುಂದೆ ಆ ಮನುಷ್ಯ ಎದೆನೋವೆಂದು ದವಾಖಾನೆ ಸೇರಿದಾಗ ನೋಡಲು ಹೋದವರಲ್ಲಿ ಬಾಯಾರೇ ಮೊದಲು. ಮೋಸಂಬಿ ಸುಲಿದು ಕೈಗೆ ಕೊಟ್ಟರು. ಆತ ಕಣ್ಣಲ್ಲಿ ನೀರು ತಂದುಕೊಂಡು, ಹಳೆಯದನ್ನೆಲ್ಲ ಮರೆತುಬಿಡೋಣ ಅಂದರು. ಬಾಯಾರು, "ನಾ ಮರತಿಲ್ರಿ. ನೀವು ಹಣ್ಣ ತಿನ್ರಿ" ಅಂದರು. ಆತ ಗುಣವಾಗಿ ಮರಳಿ ಬಂದ ಮೇಲೂ ಬಾಯಾರ ಚಹಾ ವರಾಂಡದಲ್ಲೇ ಆಯಿತು.

ಬಾಯಾರ ಜೀವ ಇದ್ದದ್ದು ನಮ್ಮ ತ್ರೈಮಾಸಿಕದಲ್ಲಿ. ಎಪ್ಪತ್ತರ ದಶಕದ ಮೊದಲಲ್ಲಿ ನಾಲ್ಕಾರು ಮಂದಿ ಸೇರಿ ಶುರುಮಾಡಿದ ಸಂಶೋಧನ ಪತ್ರಿಕೆ ಅದು. ಹೊಸದರ ಹುರುಪು ಇಳಿದ ಮೇಲೆ ಉಳಿದವರು ಬಾಯಾರು, ಅವರ ಬೆನ್ನಿಗೆ ನಾನು. ಶಾಸನ, ಗುಡಿ, ಬಿಳಿಜೋಳದ ರೋಗ, ಇಳಕಲ್ಲಿನ ಬಣ್ಣ, ಬಾದಾಮಿಯ ಕೆಂಪು ಕಲ್ಲು, ಎಲ್ಲವೂ ಅದರಲ್ಲಿ ಬರುತ್ತಿತ್ತು. ಬಂಡೆಯ ಮೇಲೆ ಬೆಳೆಯುವ ಕಲ್ಲುಹೂವಿನ ಬಗ್ಗೆ ನಾನೂ ಬರೆದಿದ್ದೆ. ಲೇಖನ ಹೇಗಿದ್ದರೂ ಬಾಯಾರು ತಿದ್ದಿ ಹಾಕುತ್ತಿದ್ದರು, ಆದರೆ ಅಡಿಟಿಪ್ಪಣಿ ಇಲ್ಲದ್ದನ್ನು ಮುಟ್ಟುತ್ತಿರಲಿಲ್ಲ. ಯಾವ ಮಾತನ್ನು ಯಾರಿಂದ ತೆಗೆದುಕೊಂಡೆ ಎಂದು ಹೇಳಲೇಬೇಕು. ಒಮ್ಮೆ ಹಳೇ ಪೇಟೆಯ ನಮ್ಮ ಪ್ರೆಸ್ಸಿನ ಮಾಲಕ, ಪುಟ ಹೆಚ್ಚಾಯಿತೆಂದು ಅಡಿಟಿಪ್ಪಣಿಗಳನ್ನೆಲ್ಲ ಬಿಟ್ಟು ಫಾರ್ಮು ಕಟ್ಟಿಸಿದ್ದ. ಬಾಯಾರು ಹೋಗಿ ಮಶೀನಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಬೈಯಲಿಲ್ಲ. ಅಚ್ಚಿನ ಮೊಳೆಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸುವವರೆಗೆ, ಬುತ್ತಿಯ ರೊಟ್ಟಿ, ಅಗಸಿ ಹಿಂಡಿ ಅಲ್ಲೇ ಉಂಡು, ಅಲ್ಲೇ ಕೂತಿದ್ದರು.

ಬಾಯಾರು ಸ್ವತಃ ಬರೆದದ್ದರಲ್ಲಿ ದೊಡ್ಡದು ಬಾದಾಮಿ, ಹುನಗುಂದ ತಾಲ್ಲೂಕುಗಳ ಮೆಟ್ಟಿಲು ಬಾವಿಗಳ ಸಮೀಕ್ಷೆ. ರಜೆ ಬಂದರೆ ಬಸ್ಸು, ಬಸ್ಸಿಲ್ಲದಲ್ಲಿ ಚಕ್ಕಡಿ, ಅದೂ ಇಲ್ಲದಲ್ಲಿ ನಡಿಗೆ. ಐಹೊಳೆಯ ಸುತ್ತಿನ ಬಾವಿಗಳನ್ನು ನೋಡಲು ನಾನೂ ಹೋಗಿದ್ದೆ. ಪ್ರತಿ ಬಾವಿಯ ಕಟ್ಟಡ ಹೇಗಿದೆ, ಕೆತ್ತನೆ ಏನಿದೆ, ಈಗ ಯಾರು ನೀರು ಒಯ್ಯುತ್ತಾರೆ ಎಂದು ಬರೆದು, ಪಕ್ಕದಲ್ಲಿ ನಕಾಶೆ ಹಾಕಿದರು. ಅವರಿಗೆ ಬೇಕಿದ್ದದ್ದು ಕಲ್ಲಿನ ಚರಿತ್ರೆ. ಆದರೆ ಅದನ್ನು ಮೊದಲು ಹಿಡಿದುಕೊಂಡವರು ಹುಬ್ಬಳ್ಳಿಯ ಒಬ್ಬ ಡಾಕ್ಟರು. ಆಗ ನಮ್ಮ ಹಳ್ಳಿಗಳಲ್ಲಿ ನಾರುಹುಣ್ಣು ಬಹಳ. ಕಾಲಿನ ಹುಣ್ಣಿನಿಂದ ಬಿಳಿ ದಾರದಂಥ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತ ವಾರಗಟ್ಟಲೆ ಕೂಡಬೇಕು, ಹರಿದರೆ ಕಾಲು ಕೆಟ್ಟಿತು. ಹುಣ್ಣಿನ ಕಾಲಿನವರು ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟರೆ ಹುಳುವಿನ ಮರಿಗಳು ಬಾವಿ ಸೇರುತ್ತವೆ, ಕುಡಿದವರಿಗೆಲ್ಲ ರೋಗ. ಹಾಗಾಗಿ ಮೆಟ್ಟಿಲು ಬಾವಿ ಎಲ್ಲೆಲ್ಲಿದೆ ಎಂದು ಗೊತ್ತಾದರೆ ರೋಗ ಎಲ್ಲಿದೆ ಎಂದು ಗೊತ್ತಾದ ಹಾಗೆ. ಡಾಕ್ಟರು ತಮ್ಮ ಲೇಖನದಲ್ಲಿ ನಮ್ಮ ತ್ರೈಮಾಸಿಕದ ಹೆಸರು, ಸಂಚಿಕೆ, ಪುಟ ಎಲ್ಲವನ್ನೂ ಹಾಕಿ ಬರೆದರು. ಬಾಯಾರು ಅದನ್ನು ಇಡೀ ಸ್ಟಾಫ್ ರೂಮಿಗೆ ತೋರಿಸಿದರು, ಅರ್ಥಶಾಸ್ತ್ರದವರೊಬ್ಬರನ್ನು ಬಿಟ್ಟು.

ಆ ಸಮೀಕ್ಷೆಯಲ್ಲಿ ಒಂದು ತಪ್ಪಿತ್ತು. ಕಮತಗಿಯ ಆಚೆಯ ಒಂದು ಹಳ್ಳಿಯಲ್ಲಿ ಬಾಯಾರು ಹಿರಿಯರನ್ನು, ನಿಮ್ಮೂರ ಬಾವಿ ತೋರಿಸಿ ಎಂದು ಕೇಳಿದ್ದರು. ಕಾಲೇಜಿನಿಂದ ಬಂದ ಬಾಯಾರಿಗೆ ದಿನಾ ಕುಡಿಯುವ ರಾಡಿ ನೀರಿನ ಬಾವಿಯನ್ನು ತೋರಿಸುವುದು ಹೇಗೆ? ಅವರು ಗಂಗಾಪೂಜೆಯ ಬಾವಿಗೆ ಕರೆದೊಯ್ದರು. ಹೊಸ ಸೊಸೆಯಂದಿರು ಮೊದಲ ಪೂಜೆ ಮಾಡುವುದು ಅಲ್ಲೇ. ಚೆಂದದ ಕಮಾನು, ತೊಳೆದ ಮೆಟ್ಟಿಲು, ಅರಿಷಿಣ ಕುಂಕುಮ, ಅಂದೇ ಪೂಜೆಯಾಗಿ ಮೇಲಿನ ಮೆಟ್ಟಿಲುಗಳೆಲ್ಲ ಒದ್ದೆ. ಪೂಜೆಯಾದ ದಿನ ಕೆಳಗೆ ಇಳಿಯಬಾರದು ಎಂದರು, ಉಡಿ ತುಂಬಿ ಕಳಿಸಿದರು. ಕುಡಿಯುವ ನೀರಿನ ಬಾವಿ, ನೀರಿದೆ ಎಂದು ಬಾಯಾರು ಬರೆದುಕೊಂಡು ಬಂದರು. ಖರೆ ಅಂದರೆ ಆ ಬಾವಿ ಯಾರಿಗೂ ನೆನಪಿಲ್ಲದ ಕಾಲದಿಂದ ಬತ್ತಿತ್ತು. ಪೂಜೆಯ ನೀರನ್ನು ಕೊಡದಲ್ಲಿ ಬೇರೆ ಕಡೆಯಿಂದ ತಂದು ಸುರಿಯುತ್ತಿದ್ದರು. ಊರು ಕುಡಿಯುತ್ತಿದ್ದದ್ದು ಹುಣಸೆ ಮರದ ಆಚೆಯ ಇನ್ನೊಂದು ಬಾವಿಯಿಂದ.

ನಮ್ಮ ಸಂಚಿಕೆ ಹಿಡಿದು ಆ ಹಳ್ಳಿಗೆ ಹೋದ ಡಾಕ್ಟರಿಗೆ ಇದು ಗೊತ್ತಾಯಿತು. ಸಂಕೋಚದಿಂದ ಬಂದು ಹೇಳಿದರು. ಬಾಯಾರು ಅಂದು ಊಟ ಮಾಡಲಿಲ್ಲ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ತಿದ್ದುಪಡಿ ಹಾಕಿದರು: ನಾನು ಬಾವಿಗೆ ಇಳಿಯಲಿಲ್ಲ, ಇಳಿಯದೆ ಬರೆದೆ, ತಪ್ಪು ನನ್ನದು. ಕೊನೆಯ ಪುಟದಲ್ಲಿ ಸಣ್ಣಗೆ ಹಾಕಿದರೆ ಸಾಲದೇ ಎಂದು ನಾನು ಕೇಳಿದ್ದಕ್ಕೆ, ತಪ್ಪು ಯಾವ ದಪ್ಪದಲ್ಲಿ ಅಚ್ಚಾಗಿತ್ತೋ ತಿದ್ದುಪಡಿಯೂ ಅದೇ ದಪ್ಪದಲ್ಲಿ ಅಚ್ಚಾಗಬೇಕು ಎಂದರು. ತಮ್ಮನ್ನೂ ಅವರು ಮನ್ನಿಸುತ್ತಿರಲಿಲ್ಲ.

ಇನ್ನು ಆ ಮನುಷ್ಯನ ವಿಷಯ. ವಿಶ್ವವಿದ್ಯಾಲಯದ ದೊಡ್ಡ ಪ್ರಾಧ್ಯಾಪಕರು. ನುಣ್ಣಗಿನ ಮಾತು, ಭುಜದ ಮೇಲೆ ಸದಾ ಯಾರೋ ಹೊದಿಸಿದ ಶಾಲು. ಎಂಬತ್ತರ ದಶಕ ಶುರುವಾದಾಗ ಅವರು ಪುರಾತನ ಬಾವಿಗಳ ಮೇಲೆ ಒಂದು ದಪ್ಪ ಪುಸ್ತಕ ತಂದರು. ಪೇಪರಿನಲ್ಲಿ ಹೊಗಳಿಕೆ, ಸನ್ಮಾನ, ಎಲ್ಲ ಆಯಿತು. ಬಾಯಾರು ತರಿಸಿ ಓದಿದರು. ಓದುವುದೆಂದರೆ ಅವರು ಪುಸ್ತಕದ ಬಾಲದಿಂದ ಶುರುಮಾಡುತ್ತಿದ್ದರು. ಕೊನೆಯ ಪುಟಗಳಲ್ಲಿ ದೇಶವಿದೇಶದ ಹೆಸರುಗಳಿದ್ದವು, ನಮ್ಮ ತ್ರೈಮಾಸಿಕದ ಹೆಸರಿರಲಿಲ್ಲ. ಒಳಗೆ ನೋಡಿದರೆ ನಮ್ಮ ಬಾವಿಗಳು ಒಂದೂ ಬಿಡದೆ, ಬಾಯಾರು ಹೋದ ದಾರಿಯಲ್ಲೇ ಒಂದಾದ ಮೇಲೊಂದು ಬರುತ್ತವೆ. ಆ ಬತ್ತಿದ ಬಾವಿಯೂ ಇತ್ತು. ಅದರ ಮುಂದೆ, ತಾವು ಸ್ವತಃ ಇಳಿದು ನೋಡಿದಾಗ ನೀರು ತಿಳಿಯಾಗಿತ್ತು, ರುಚಿ ತುಸು ಸವಳು ಎಂದು ಬರೆದಿದ್ದರು. ಸುಳ್ಳಿಗೆ ರುಚಿ ಬೇರೆ ಹಚ್ಚಿದ್ದರು.

ಬರೀ ಕಳವಾಗಿದ್ದರೆ ನನ್ನ ಸಿಟ್ಟು ಇಷ್ಟು ವರ್ಷ ಉಳಿಯುತ್ತಿತ್ತೋ ಇಲ್ಲವೋ. ಆ ಪುಸ್ತಕ ತಾಲ್ಲೂಕಿನ ಸಿಬ್ಬಂದಿಯ ಕೈಗೆ ಹೋಯಿತು. ಅವರು ಹುಳು ಸಾಯುವ ಔಷಧ ತಂದು, ಪುಸ್ತಕದಲ್ಲಿ ಹೇಳಿದ ಬಾವಿಗೇ ಸುರಿದರು. ಊರವರು ನಿಂತು ನೋಡಿದರು. ಸರಕಾರದವರು ಒಣ ಮಣ್ಣಿಗೆ ಔಷಧ ಹಾಕುತ್ತಿದ್ದಾರೆಂದರೆ ಏನೋ ಕಾರಣವಿರಬೇಕು ಎಂದುಕೊಂಡರು. ಹುಬ್ಬಳ್ಳಿಯ ಡಾಕ್ಟರು ಹೋಗಿ ನಮ್ಮ ತಿದ್ದುಪಡಿ ತೋರಿಸಿದರೆ, ಇದು ಯಾವುದೋ ಊರ ಪತ್ರಿಕೆ, ಅದು ದೊಡ್ಡವರ ಪುಸ್ತಕ ಎಂದರಂತೆ. ಹುಣಸೆ ಮರದ ಬಾವಿಯಲ್ಲಿ ಹುಳು ಸುಖವಾಗಿತ್ತು. ನಮ್ಮ ಹೆಸರು ಹೇಳಿ ತೆಗೆದುಕೊಂಡವರಿಗೆ ನಮ್ಮ ತಿದ್ದುಪಡಿ ಮುಟ್ಟಿತು. ಕದ್ದವನಿಗೆ ಮುಟ್ಟುವ ದಾರಿಯೇ ಇರಲಿಲ್ಲ. ಬಾಯಾರು ಈ ಮಾತನ್ನು ಒಂದೇ ಸಲ, ತಣ್ಣಗೆ ಹೇಳಿದರು. ಅವರು ತಣ್ಣಗೆ ಮಾತಾಡಿದರೆ ನನಗೆ ಹೆದರಿಕೆ.

ಅಷ್ಟರಲ್ಲಿ ಆಡಳಿತ ಮಂಡಳಿಯಿಂದ ಸುದ್ದಿ ಬಂತು. ತ್ರೈಮಾಸಿಕದಿಂದ ಏನು ಪ್ರಯೋಜನ, ಅದನ್ನು ಯಾರು ಓದುತ್ತಾರೆ ಎಂದು ನೋಡಲು ವಿಶ್ವವಿದ್ಯಾಲಯದ ಸಮಿತಿಯೊಂದು ಬರುತ್ತದೆ. ಅವರು ಬೇಡವೆಂದರೆ ಪತ್ರಿಕೆ ನಿಲ್ಲಿಸುವುದು. ಸಮಿತಿಯ ಅಧ್ಯಕ್ಷರು ಅದೇ ಶಾಲಿನವರು. ಪತ್ರಿಕೆ ಉಳಿಯಬೇಕಾದರೆ ಅದು ಎಲ್ಲೆಲ್ಲಿ ಮುಟ್ಟಿದೆ ಎಂದು ತೋರಿಸಬೇಕು. ಎಲ್ಲಿ ಮುಟ್ಟಿಲ್ಲ ಎಂದೂ ತೋರಿಸ್ತೇನಿ ಅಂದರು ಬಾಯಾರು.

ದಾರಿ ಹೇಳಿದವರು ಡಾಕ್ಟರೇ. ಯಾವ ಲೇಖನವನ್ನು ಮುಂದೆ ಯಾರ್ಯಾರು ಉಲ್ಲೇಖಿಸಿದರು ಎಂದು ತೋರಿಸುವ ದಪ್ಪ ದಪ್ಪ ಸಂಪುಟಗಳು ವಿದೇಶದಿಂದ ಬರುತ್ತವೆ, ಅದರಿಂದ ಒಂದು ಪತ್ರಿಕೆಯ ಪ್ರಭಾವ ಯಾವ ಯಾವ ಶಾಸ್ತ್ರಕ್ಕೆ ಹರಡಿದೆ ಎಂದು ನಕಾಶೆ ಬರೆಯಬಹುದು ಎಂದರು. ಅವುಗಳಲ್ಲಿ ಬಾಗಲಕೋಟೆಯ ಕನ್ನಡ ಪತ್ರಿಕೆ ಎಲ್ಲಿಂದ ಬರಬೇಕು? ನಮ್ಮದನ್ನು ನಾವೇ ಬರೆಯೋಣ ಎಂದು ಬಾಯಾರು ಹೊರಟರು. ಎರಡು ಬೇಸಿಗೆ ರಜೆ ಅದಕ್ಕೇ ಹೋಯಿತು. ಹುಬ್ಬಳ್ಳಿ, ಪುಣೆ, ಹೈದರಾಬಾದು, ಎಲ್ಲಿ ಗ್ರಂಥಾಲಯವಿದೆಯೋ ಅಲ್ಲಿಗೆ. ವೈದ್ಯಕೀಯ, ಭೂಗರ್ಭ, ಕೃಷಿ, ಸಿಕ್ಕ ಪತ್ರಿಕೆಯನ್ನೆಲ್ಲ ತೆಗೆದು ಬರೀ ಅಡಿಟಿಪ್ಪಣಿ ಓದುತ್ತ ಕೂಡುವುದು. ನನಗೆ ಕುತ್ತಿಗೆ ಹಿಡಿದು ಹೋಗುತ್ತಿತ್ತು. ಎಲ್ಲಾದರೂ ನಮ್ಮ ಹೆಸರು ಸಿಕ್ಕರೆ ಬಾಯಾರು ಮಾತಾಡದೆ ನನ್ನ ಮೊಣಕೈಗೆ ತಿವಿಯುತ್ತಿದ್ದರು. ನನ್ನ ಕಲ್ಲುಹೂವಿನ ಲೇಖನವನ್ನು, ಹಳೆಯ ಶಿಲ್ಪ ಕೆಡದಂತೆ ಕಾಯುವ ರಸಾಯನಶಾಸ್ತ್ರಜ್ಞರೊಬ್ಬರು ಉಲ್ಲೇಖಿಸಿದ್ದು ಪುಣೆಯಲ್ಲಿ ಸಿಕ್ಕಿತು. ಅಂದು ಬಾಯಾರು ನನಗೆ ಐಸ್‌ಕ್ರೀಂ ಕೊಡಿಸಿದರು.

ನಕಾಶೆ ಮಾಡಿದ್ದು ಇಳಕಲ್ಲಿನ ಅವರ ಅಣ್ಣನ ಮನೆಯಲ್ಲಿ. ಬಿಳಿ ಮಾದರಪಾಟಿನ ದೊಡ್ಡ ಅರಿವೆ ಹಾಸಿ, ನಮ್ಮ ಪತ್ರಿಕೆಯ ಪ್ರತಿ ಲೇಖನಕ್ಕೆ ಒಂದು ಗಂಟು, ಅದನ್ನು ಉಲ್ಲೇಖಿಸಿದ ಪ್ರತಿ ಬರೆಹಕ್ಕೆ ಒಂದು ಗಂಟು, ನಡುವೆ ಎಳೆ. ಇತಿಹಾಸಕ್ಕೆ ದಾಳಿಂಬೆ ಕೆಂಪು, ವೈದ್ಯಕ್ಕೆ ಗಿಳಿಹಸಿರು, ಕೃಷಿಗೆ ಹಳದಿ, ಕಲ್ಲು ಮಣ್ಣಿನ ಶಾಸ್ತ್ರಕ್ಕೆ ನೀಲಿ. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೆಲಸ ಮನೆಯ ಹೆಣ್ಣುಮಕ್ಕಳದು. ಬಾಯಾರು ದಿನಾ ಸಾಲಿ ಬಿಟ್ಟ ಮೇಲೆ ಮನೆಗೆ ಬಂದು ಕೊಂಡಿ ಹಾಕಿ ಬೆಳೆದವರು, ಬೆರಳು ಇನ್ನೂ ಮರೆತಿರಲಿಲ್ಲ. ಕೆಲಸ ಮುಗಿದಾಗ ನೋಡಿದರೆ ಬಾವಿಗಳ ಸಮೀಕ್ಷೆಯಿಂದ ಹೊರಟ ಹಸಿರು ಎಳೆಗಳು ಅರ್ಧ ಅರಿವೆ ತುಂಬಿದ್ದವು. ಒಂದು ಮೂಲೆಯಲ್ಲಿ ದಪ್ಪನೆಯ ಕರಿ ಗಂಟೊಂದನ್ನು ಹಾಕಿದರು. ಅದಕ್ಕೆ ಎಳೆ ಹಾಕಲಿಲ್ಲ.

ಸಮಿತಿ ಬಂದದ್ದು ಸುಗ್ಗಿಯ ಬಿಸಿಲಲ್ಲಿ. ಮೂವರು. ಅಧ್ಯಕ್ಷರು ಚಹಾ ಕುಡಿಯುತ್ತಲೇ, ಸ್ಥಳೀಯ ಪತ್ರಿಕೆಗಳು ಊರಿನ ಅಭಿಮಾನಕ್ಕೆ ಒಳ್ಳೆಯವು, ಆದರೆ ವಿದ್ವತ್ ಪ್ರಪಂಚದಲ್ಲಿ ಅವು ಯಾರನ್ನೂ ತಲುಪುವುದಿಲ್ಲ ಎಂದು ತೀರ್ಮಾನ ಹೇಳಿದರು. ಬಾಯಾರು ಅರಿವೆಯನ್ನು ಗೋಡೆಗೆ ಕಟ್ಟಿಸಿದರು. ಒಂದೊಂದೇ ಎಳೆ ಹಿಡಿದು, ಇದು ಇಲ್ಲಿಂದ ಹೊರಟಿತು, ಇಲ್ಲಿ ಮುಟ್ಟಿತು ಎಂದು ವಿವರಿಸಿದರು. ಉಳಿದಿಬ್ಬರು ಸದಸ್ಯರು ಎದ್ದು ಬಂದು ಹತ್ತಿರ ನಿಂತು ನೋಡಿದರು. ಅಧ್ಯಕ್ಷರು ಕೂತಲ್ಲಿಂದಲೇ ನಕ್ಕರು.

"ನೇಯ್ಗೆ ಬಹಳ ಚೆನ್ನಾಗಿದೆ, ಮೇಡಂ. ಮನೆತನದ ವಿದ್ಯೆ ಎಲ್ಲಿಗೆ ಹೋಗುತ್ತದೆ?"

ಆ ಮಾತಿಗೆ ನಾನು ಕುರ್ಚಿ ಬಿಟ್ಟು ಏಳುವವನಿದ್ದೆ. ಬಾಯಾರು ಕಣ್ಣಿನಲ್ಲೇ ಕೂಡಿಸಿದರು. ಸದಸ್ಯರಲ್ಲಿ ವಯಸ್ಸಾದವರು, ಮೂಲೆಯ ಕರಿ ಗಂಟು ಏನೆಂದು ಕೇಳಿದರು. ಅಧ್ಯಕ್ಷರ ಪುಸ್ತಕ ಅದು, ಅದರೊಳಗೆ ನಮ್ಮ ಬಾವಿಗಳೆಲ್ಲ ಇವೆ, ನಮ್ಮ ಹೆಸರಿಲ್ಲ, ಅದಕ್ಕೇ ಎಳೆ ಹಾಕಿಲ್ಲ ಎಂದರು ಬಾಯಾರು. ಅಧ್ಯಕ್ಷರ ನಗು ಅಷ್ಟಕ್ಕೇ ನಿಂತಿತು. ತಾವು ಈ ಪತ್ರಿಕೆಯನ್ನು ಕಣ್ಣಿಂದ ಕಂಡಿಲ್ಲ, ಪ್ರತಿಯೊಂದು ಬಾವಿಯನ್ನೂ ಸ್ವತಃ ಇಳಿದು ನೋಡಿ ಬರೆದದ್ದು ಎಂದರು. ಬಾಯಾರು ಕಮತಗಿಯ ಆಚೆಯ ಆ ಹಳ್ಳಿಯ ಹೆಸರು ಹೇಳಿ, ಅಲ್ಲಿಯದನ್ನೂ ಇಳಿದು ನೋಡಿದಿರಾ ಎಂದು ಕೇಳಿದರು. ಹೌದು, ನೀರನ್ನೂ ಕುಡಿದಿದ್ದೇನೆ ಎಂದರು ಅವರು.

"ಹಂಗಾದ್ರ ಹೋಗಿ ಬರೂಣು ಬರ್ರಿ, ಸರ್. ಜೀಪ್ ಹೊರಗ ನಿಂತೈತಿ."

ಇಬ್ಬರು ಸದಸ್ಯರು ಆಗಲೇ ಚಪ್ಪಲಿ ಮೆಟ್ಟಿದ್ದರು. ಒಲ್ಲೆ ಎನ್ನಲು ಅಧ್ಯಕ್ಷರಿಗೆ ಸಂದು ಸಿಗಲಿಲ್ಲ. ಕಮತಗಿ ದಾಟಿದ ಮೇಲೆ ಅಧ್ಯಕ್ಷರು, ತಾವು ಬಂದಾಗ ಈ ರಸ್ತೆ ಇಷ್ಟು ಕೆಟ್ಟಿರಲಿಲ್ಲ ಎಂದರು. ಆಗ ರಸ್ತೆಯೇ ಇರಲಿಲ್ಲ ಎಂದು ಡ್ರೈವರ್ ತನ್ನಷ್ಟಕ್ಕೆ ಗೊಣಗಿದ.

ಬಾವಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೆಂಪು ಮೆಣಸಿನಕಾಯಿ ಹರವಿ ಕಾಯುತ್ತಿದ್ದಳು. ಮೆಟ್ಟಿಲುಗಳು ಕಮಾನಿನ ಕೆಳಗೆ ಹೋಗಿ ಬಲಕ್ಕೆ ತಿರುಗುತ್ತವೆ, ಮೇಲೆ ನಿಂತವರಿಗೆ ತಳ ಕಾಣುವುದಿಲ್ಲ. ಬಾಯಾರು ಮುದುಕಿಯ ಹತ್ತಿರ ಒಂದು ತಂಬಿಗೆ ಇಸಿದುಕೊಂಡು ಅಧ್ಯಕ್ಷರ ಕೈಗೆ ಕೊಟ್ಟರು. ಒಂದು ತಂಬಿಗೆ ನೀರು ತನ್ನಿರಿ, ಸವಳೋ ಸಿಹಿಯೋ ಎಲ್ಲರೂ ಕುಡಿದು ನೋಡೋಣ ಎಂದರು. ಅವರು ಸದಸ್ಯರ ಮುಖ ನೋಡಿದರು, ನಮ್ಮ ಮುಖ ನೋಡಿದರು. ಆಮೇಲೆ ಶಾಲು ಎತ್ತಿ ಹಿಡಿದು ಇಳಿದರು. ಅಷ್ಟರಲ್ಲಿ ಊರಿನ ಮಂದಿ ಸುತ್ತ ಸೇರಿದ್ದರು. ಈ ಸಾಹೇಬರು ಹಾಳು ಬಾವಿಯಲ್ಲಿ ಏನು ಹುಡುಕುತ್ತಾರೆ ಎಂದು ಮುದುಕಿ ನನ್ನನ್ನು ಕೇಳಿದಳು. ನಾನು ಅವಳಿಗೆ ಸುಮ್ಮನಿರಲು ಸನ್ನೆ ಮಾಡಿದೆ. ಹಾಗೆ ಸನ್ನೆ ಮಾಡುವಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಆಮೇಲೆ ಕೆಳಗಿನಿಂದ ದನಿ ಬಂತು: "ಮೇಡಂ, ಇಲ್ಲಿ ನೀರಿಲ್ಲ."

ಬಾಯಾರು ಕಮಾನಿನ ಕಡೆ ಬಗ್ಗಿದರು. "ಛಲೋ ನೋಡ್ರಿ ಸರ್, ಇರತೈತಿ. ನಿಮ್ಮ ಪುಸ್ತಕದಾಗ ಐತಿ." ಸದಸ್ಯರಿಬ್ಬರೂ ನಕ್ಕರು.

ಮೇಲೆ ಬಂದಾಗ ಅವರ ತಲೆಯ ಮೇಲೆ ಜೇಡರ ಬಲೆ, ಕೈಯಲ್ಲಿ ಖಾಲಿ ತಂಬಿಗೆ. ಈ ವರ್ಷ ಮಳೆ ಕಡಿಮೆಯಾಗಿ ಬತ್ತಿರಬೇಕು ಎಂದರು. ಮುದುಕಿ, ತಾನು ಈ ಊರಿಗೆ ಸೊಸೆಯಾಗಿ ಬಂದಾಗಲೂ ಅದು ಹೀಗೇ ಇತ್ತು, ತನ್ನ ಅತ್ತೆ ಬಂದಾಗಲೂ ಹೀಗೇ ಇತ್ತಂತೆ ಎಂದಳು. ಅವಳ ಸೊಸೆ ಅಲ್ಲೇ ಮನೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು; ಹಿಮ್ಮಡಿಯ ಹತ್ತಿರ ಹುಣ್ಣು, ಹುಳು ಸುತ್ತಿದ ಕಡ್ಡಿ. ಬಾಯಾರು ಅಧ್ಯಕ್ಷರನ್ನು ಅವಳ ಮುಂದೆ ಕರೆದೊಯ್ದು ನಿಲ್ಲಿಸಿದರು.

"ನೀವು ನೀರು ಐತಿ ಅಂತ ಬರದ್ರಿ, ಅವರು ಔಷಧ ಇದರಾಗ ಸುರದ್ರು. ಇಕಿ ಕುಡಿಯೂದು ಆಚಿ ಬಾವಿ ನೀರು. ನಾನೂ ತಪ್ಪ ಬರದಿದ್ದೆ ಸರ್, ತಿದ್ದಿದೆ. ನಮ್ಮ ಹೆಸರ ಹಾಕಿದ್ರ ನಿಮಗ ತಿದ್ದಿದ್ದೂ ಸಿಗತಿತ್ತು."

ಅಧ್ಯಕ್ಷರು ತಂಬಿಗೆಯನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಹಿಡಿದೇ ನಿಂತಿದ್ದರು. ಕೊನೆಗೆ ಆ ಸೊಸೆಯೇ ಕೈ ಚಾಚಿ ಇಸಿದುಕೊಂಡಳು.

ಇಷ್ಟಾದರೂ ಪತ್ರಿಕೆ ಉಳಿಯಲಿಲ್ಲ. ವೈಯಕ್ತಿಕ ದ್ವೇಷಕ್ಕೆ ವೇದಿಕೆಯಾಗಿರುವ ಪ್ರಕಟಣೆ ಎಂದು ಅಧ್ಯಕ್ಷರು ವರದಿ ಬರೆದರು. ಬಾವಿಯ ಕಟ್ಟೆಯ ಮೇಲೆ ನಿಂತು ನಕ್ಕಿದ್ದ ಇಬ್ಬರು ಸದಸ್ಯರೂ ಅದಕ್ಕೆ ಸಹಿ ಹಾಕಿದರು. ಆಡಳಿತ ಮಂಡಳಿಗೆ ಅಷ್ಟೇ ಸಾಕಾಗಿತ್ತು. ಕೊನೆಯದೊಂದು ಸಂಚಿಕೆ ತರಲು ಒಪ್ಪಿದರು. ಬಾಯಾರು ಆ ಸಂಚಿಕೆಗೆ ಅರಿವೆಯ ನಕಾಶೆಯನ್ನು ಕೈಯಿಂದ ಬರೆದು ಮಡಚುವ ಹಾಳೆಯಾಗಿ ಹಾಕಿದರು, ಬಾವಿಗಳ ನಕಾಶೆಯನ್ನೂ ತಿದ್ದಿ ಹಾಕಿದರು, ಆ ದಿನ ನಡೆದದ್ದನ್ನೆಲ್ಲ ಬರೆದರು. ಡ್ರೈವರನ ಹೆಸರಿತ್ತು. ಮುದುಕಿಯ ಹೆಸರು, ಸೊಸೆಯ ಹೆಸರು, ಡಾಕ್ಟರ ಹೆಸರು, ಸಹಿ ಹಾಕಿದ ಸದಸ್ಯರ ಹೆಸರು, ನನ್ನದು, ಎಲ್ಲ ಇತ್ತು. ಬಾವಿಗೆ ಇಳಿದವರು ಮಾತ್ರ 'ಒಬ್ಬರು'.

ಇದಕ್ಕಾಗಿ ನಾನು ಬಾಯಾರೊಡನೆ ಜಗಳವಾಡಿದೆ. ಅವನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ, ಜನ ಉಗುಳಲಿ ಎಂದೆ. ಬಾಯಾರು ಪ್ರೂಫಿನಿಂದ ತಲೆ ಎತ್ತಲಿಲ್ಲ. "ಹೆಸರ ಹಾಕಿದ್ರ ಎಳಿ ಹಾಕಿದಂಗ. ಅವಗ ನಾನ ಎಳಿ ಹಾಕ್ಲೇನು?" ಅಂದರು. ನಾನೂ ಅದನ್ನೇ ಪಾಲಿಸುತ್ತಿದ್ದೇನೆ. ಶ್ರದ್ಧಾಂಜಲಿ ಸಭೆಯಲ್ಲಿ ಕ್ಷಮೆಯ ಮೂರ್ತಿ ಎಂದವರಿಗೆ ಆ ಕೊನೆಯ ಸಂಚಿಕೆಯ ಒಂದು ಪ್ರತಿ ಕಳಿಸಿದ್ದೇನೆ, ಓದುತ್ತಾರೆಂಬ ಭರವಸೆ ಇಲ್ಲ.

ವಿಚಿತ್ರವೆಂದರೆ ನಮ್ಮ ಸಂಚಿಕೆಗಳಲ್ಲೆಲ್ಲ ಬಹಳ ದೂರ ಹೋದದ್ದು ಆ ಕೊನೆಯದೇ. ಡಾಕ್ಟರುಗಳು ಅದನ್ನು ಉಲ್ಲೇಖಿಸಿದರು, ಅವರನ್ನು ನೋಡಿ ನೀರಿನ ಎಂಜಿನಿಯರುಗಳು, ಸಮಾಜಶಾಸ್ತ್ರದವರು. ಹುಣಸೆ ಮರದ ಬಾವಿಯ ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ಮೇಲಿಂದ ಸೇದಲು ಗಾಲಿ ಹಾಕಿದರು. ಬಾವಿಗಳ ಆ ಬರೆಹವನ್ನು ಡಾಕ್ಟರುಗಳ ಒಂದು ದೊಡ್ಡ ಸಂಪುಟದಲ್ಲಿ ಮತ್ತೆ ಅಚ್ಚು ಹಾಕುತ್ತಾರೆಂದು ಗೊತ್ತಾಯಿತು. ಅದಾಗಿ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ ನಾನು ಬಾಯಾರ ಮನೆಯಲ್ಲಿದ್ದಾಗ ಬಾಗಿಲಲ್ಲಿ ಶಾಲು ಕಾಣಿಸಿತು.

ನಿವೃತ್ತರಾಗಿದ್ದರು, ಇಳಿದುಹೋಗಿದ್ದರು. ಬಾಯಾರು ಕುರ್ಚಿ ಹಾಕಿದರು, ಅವಲಕ್ಕಿ ಕೊಟ್ಟರು, ಚಹಾ ಇಟ್ಟರು. ಮನೆಗೆ ಬಂದವರಿಗೆ ಅವರು ಎಂದೂ ಕಡಿಮೆ ಮಾಡಿದವರಲ್ಲ. ಪ್ರಾಧ್ಯಾಪಕರು ಸುತ್ತಿ ಬಳಸಿ ವಿಷಯಕ್ಕೆ ಬಂದರು. ಈಗ ಎಲ್ಲರೂ ಆ ಬಾವಿಗಳ ಬಗ್ಗೆ ಬರೆಯುತ್ತಿದ್ದಾರೆ, ತಮ್ಮ ಪುಸ್ತಕವನ್ನು ಯಾರೂ ಎತ್ತುವುದಿಲ್ಲ.

"ಆ ಚರಿತ್ರೆಯಲ್ಲಿ ನನ್ನ ಪಾಲೂ ಸ್ವಲ್ಪ ಇದೆಯಲ್ಲ, ಮೇಡಂ. ಎಲ್ಲಾದರೂ ಒಂದು ಕಡೆ ನನ್ನ ಹೆಸರಿರಲಿ. ವಯಸ್ಸಾಯಿತು."

ನಾನು ಬಾಯಾರ ಮುಖ ನೋಡಿದೆ. ಆ ಮಾತಿನಲ್ಲಿ ಅಳುವಿತ್ತು, ಬೇರೆ ಯಾರಾಗಿದ್ದರೂ ಕರಗುತ್ತಿದ್ದರು. ಬಾಯಾರು ಒಳಗೆ ಹೋಗಿ ಬಾವಿಗಳ ನಕಾಶೆ ತಂದು ಅವರ ಮುಂದೆ ಬಿಡಿಸಿದರು. ಎರಡು ತಾಲ್ಲೂಕಿನ ಬಾವಿಗಳೆಲ್ಲ ಅದರಲ್ಲಿದ್ದವು. ಪೆನ್ನಿನ ಮುಚ್ಚಳ ತೆಗೆದು ಕೂತರು.

"ಆಗ್ಲಿ ಸರ್, ಹಾಕ್ತೇನಿ. ಯಾವ ಬಾವಿ ಮುಂದ ಹಾಕ್ಲಿ? ನೀವ ಇಳದಿದ್ದರ ಮ್ಯಾಲ ಬಟ್ಟ ಇಟ್ಟು ತೋರಸ್ರಿ."

ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಬೆರಳು ಬಾದಾಮಿಯ ಮೇಲೆ ಹೋಯಿತು, ಐಹೊಳೆಯ ಹತ್ತಿರ ಬಂತು, ಹುನಗುಂದದ ಕಡೆ ಸರಿಯಿತು. ಅಷ್ಟು ಬಾವಿಗಳಲ್ಲಿ ಅವರು ಖರೇ ಇಳಿದದ್ದು ಒಂದೇ ಒಂದಕ್ಕೆ. ಕಮತಗಿಯ ಆಚೆ ಬಂದಾಗ ಬೆರಳು ನಿಂತಿತು, ಮೇಲೆದ್ದು ಮಡಿಲಿಗೆ ಮರಳಿತು. ಬಾಯಾರು ಪೆನ್ನಿಗೆ ಮುಚ್ಚಳ ಹಾಕಿ, ಚಹಾ ಆರುತ್ತದೆ, ಕುಡಿಯಿರಿ ಎಂದರು.